ಮಿನಿ ಬೈಪಾಸ್ ಆಗಿ 14 ತಿಂಗಳು: ರಿಪೋರ್ಟಿಗೂ ರೋಗಿಗೂ ತಾಳೆ ಆಗ್ತಿಲ್ಲ

ಡಯಟ್_ಹಾಸನ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳಿದವರು ಮೊದಲ ಆರು ತಿಂಗಳು ಅಲ್ಲಿಗೇ ತಪಾಸಣೆಗೆ ಹೋಗ್ತಾರೆ. ಆಮೇಲೆ ಹತ್ತಿರದ ಫಿಸಿಶಿಯನ್, ಡಯಟಿಷಿಯನ್ ಹತ್ತಿರವೇ ಬರ್ತಾರೆ. ಅಂಥದೊಂದು ಕೇಸ್ ಇದು.

33 ವರ್ಷದ ಹೆಣ್ಣುಮಗಳು, ಸಸ್ಯಾಹಾರಿ. 14 ತಿಂಗಳ ಹಿಂದೆ ಮಿನಿ ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ, ಸಣ್ಣ ಕರುಳಿನ ಸ್ವಲ್ಪ ಉದ್ದವನ್ನು ಆಹಾರದ ದಾರಿಯಿಂದ ಬದಿಗಿಡೋದು). ಬೈಪಾಸ್ ಆದ ಕರುಳಿನ ಉದ್ದ 200 ಸೆಂ.ಮೀ. ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿದೆ. ತೂಕ 104ರಿಂದ 69 ಕೆ.ಜಿ.ಗೆ ಇಳಿದಿದೆ. ಸುಸ್ತು, ಕೂದಲು ಉದುರೋದು ಇನ್ನೂ ನಿಂತಿಲ್ಲ, ರಾತ್ರಿ ಹೊತ್ತು ಪಾದಗಳಲ್ಲಿ ಜೋಮು. ಮಲ ಸ್ವಲ್ಪ ಸಡಿಲ, ವಾಂತಿ ಇಲ್ಲ.

ತಗೊಳ್ತಿರೋದು: ಬೆಳಗ್ಗೆ ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸೋ ಮಾತ್ರೆ). ಕಾಫಿ ಆದ ಮೇಲೆ ಶೆಲ್‌ಕಾಲ್ 500 (ಕ್ಯಾಲ್ಸಿಯಂ), ಕಬ್ಬಿಣದ ಮಾತ್ರೆ (ಫೆರಸ್ ಆಸ್ಕಾರ್ಬೇಟ್ 100 ಮಿ.ಗ್ರಾಂ., ಫೋಲಿಕ್ ಆಸಿಡ್ 1.5 ಮಿ.ಗ್ರಾಂ.), ಸಾಮಾನ್ಯ ಮಲ್ಟಿವಿಟಮಿನ್, ಎಲ್ಲವೂ ಒಟ್ಟಿಗೆ. ವಿಟಮಿನ್ ಡಿ3 60,000 ಐಯು (ವಿಟಮಿನ್ ಅಳತೆಯ ಘಟಕ) ತಿಂಗಳಿಗೊಂದು. ಕೂದಲಿಗೆ ಅಂತ ಬಯೋಟಿನ್ (ಒಂದು ಬಿ ವಿಟಮಿನ್) 10 ಮಿ.ಗ್ರಾಂ. ದಿನಾ.

ರಿಪೋರ್ಟ್: ಹಿಮೋಗ್ಲೋಬಿನ್ 10.2, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 86, ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದ ಏರುಪೇರು) 18.5, ಫೆರಿಟಿನ್ (ಕಬ್ಬಿಣದ ದಾಸ್ತಾನು) 9, ಬಿ12 245 (ಲ್ಯಾಬ್ ಪ್ರಕಾರ 200ರ ಮೇಲೆ ನಾರ್ಮಲ್), ಫೋಲೇಟ್ 20ಕ್ಕಿಂತ ಹೆಚ್ಚು, 25-ಹೈಡ್ರಾಕ್ಸಿ ವಿಟಮಿನ್ ಡಿ 71, ಪಿಟಿಎಚ್ (ಕ್ಯಾಲ್ಸಿಯಂ ಕಾಯುವ ಹಾರ್ಮೋನ್) 11, ಕ್ಯಾಲ್ಸಿಯಂ 8.6, ಆಲ್ಬುಮಿನ್ 3.4, ಆಲ್ಕಲೈನ್ ಫಾಸ್ಫಟೇಸ್ (ಮೂಳೆ, ಲಿವರಿನ ಕಿಣ್ವ) 172, ಟಿಎಸ್‌ಎಚ್ (ಥೈರಾಯ್ಡನ್ನು ನಡೆಸುವ ಹಾರ್ಮೋನ್) 0.07, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್) 2.9.

ಥೈರಾಯ್ಡ್ ಜಾಸ್ತಿ ಆಗಿದೆ, ಅದನ್ನು ತಗ್ಗಿಸೋ ಕಾರ್ಬಿಮಜೋಲ್ ಶುರು ಮಾಡೋಣ ಅಂತ ಮಾತು ನಡೀತಿದೆ. ಆದರೆ ನಾಡಿ 68, ಕೈ ನಡುಕ ಇಲ್ಲ, ಬೆವರೂ ಇಲ್ಲ. ವಿಟಮಿನ್ ಡಿ ಅಷ್ಟು ಚೆನ್ನಾಗಿದ್ದರೆ ಆಲ್ಕಲೈನ್ ಫಾಸ್ಫಟೇಸ್ ಯಾಕೆ ಏರಬೇಕು? ಏನು ತಪ್ಪಿದೆ, ಮತ್ತೆ ಯಾವ ಟೆಸ್ಟ್ ಮಾಡಿಸಬೇಕು, ಮಾತ್ರೆಗಳ ಸಮಯ ಹೇಗೆ ಹೊಂದಿಸಬೇಕು?

ಲ್ಯಾಬ್_ಮೇಷ್ಟ್ರು

ಮೇಡಂ, ಕಾರ್ಬಿಮಜೋಲ್ ಸದ್ಯ ಶುರು ಮಾಡಬೇಡಿ. ನಿಮ್ಮ ಪಟ್ಟಿಯ ಕೊನೇ ಮಾತ್ರೆ, ಬಯೋಟಿನ್ನೇ, ಈ ರಿಪೋರ್ಟನ್ನು ಕೆಡಿಸಿರೋದು.

ಹಾರ್ಮೋನ್, ವಿಟಮಿನ್ ಅಳೆಯುವ ಅನೇಕ ಯಂತ್ರಗಳು ಸ್ಟ್ರೆಪ್ಟಾವಿಡಿನ್ ಅನ್ನೋ ಪ್ರೊಟೀನ್ ಮತ್ತು ಬಯೋಟಿನ್ ಒಂದಕ್ಕೊಂದು ಅಂಟಿಕೊಳ್ಳುವ ಗುಣವನ್ನೇ ನೆಚ್ಚಿಕೊಂಡಿವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಹೋಗಿ ಸ್ಟ್ರೆಪ್ಟಾವಿಡಿನ್ನಿನ ಜಾಗ ಹಿಡಿಯುತ್ತೆ, ಟೆಸ್ಟಿಗೆ ಬೇಕಾದ ಆಂಟಿಬಾಡಿಗೆ ಜಾಗ ಇರಲ್ಲ. ಸ್ಯಾಂಡ್‌ವಿಚ್ ಮಾದರಿಯ (ಅಂಟಿದ್ದು ಹೆಚ್ಚಾದಷ್ಟೂ ಸಂಖ್ಯೆ ಹೆಚ್ಚು) ಟೆಸ್ಟಿನಲ್ಲಿ ಆಗ ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತೆ: ಟಿಎಸ್‌ಎಚ್, ಪಿಟಿಎಚ್, ಫೆರಿಟಿನ್. ಕಾಂಪಿಟಿಟಿವ್ ಮಾದರಿಯಲ್ಲಿ (ಅಂಟಿದ್ದು ಕಡಿಮೆಯಾದಷ್ಟೂ ಸಂಖ್ಯೆ ಹೆಚ್ಚು) ತದ್ವಿರುದ್ಧ, ಸುಳ್ಳಾಗಿ ಹೆಚ್ಚು ಬರುತ್ತೆ: ಫ್ರೀ ಟಿ4, ಬಿ12, ಫೋಲೇಟ್, ವಿಟಮಿನ್ ಡಿ. ಈಗ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಇಳಿಯಬೇಕಾದ್ದೆಲ್ಲ ಇಳಿದಿದೆ, ಏರಬೇಕಾದ್ದೆಲ್ಲ ಏರಿದೆ. ಅವರ ದೇಹದ ಸ್ಥಿತಿಗಿಂತ ಯಂತ್ರ ಮೋಸಹೋದ ರೀತಿಯೇ ಇದರಲ್ಲಿ ಹೆಚ್ಚು ಕಾಣ್ತಿದೆ.

ಟಿಎಸ್‌ಎಚ್ ರಿಸೆಪ್ಟರ್ ಆಂಟಿಬಾಡಿ ಮಾಡಿಸಿ ಖಾತ್ರಿ ಮಾಡ್ಕೊಳ್ಳೋಣ ಅಂದುಕೊಂಡರೆ ಅದೂ ಇದೇ ಬಲೆಗೆ ಬಿದ್ದು ಸುಳ್ಳು ಪಾಸಿಟಿವ್ ಬರಬಹುದು. ಆಗ ಗ್ರೇವ್ಸ್ ಕಾಯಿಲೆಯ (ಆಂಟಿಬಾಡಿಯಿಂದ ಥೈರಾಯ್ಡ್ ಜಾಸ್ತಿ ಆಗೋದು) ಚಿತ್ರ ಪೂರ್ತಿ ಆದಂತೆ ಕಾಣುತ್ತೆ, ಅದೇ ಅಪಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು, 2019ರಲ್ಲಿ ಮತ್ತೆ ಹೇಳಿತು. ಹೃದಯಾಘಾತದ ಟ್ರೋಪೋನಿನ್ ಕೂಡ ಸುಳ್ಳಾಗಿ ಕಡಿಮೆ ಬರಬಹುದು ಅನ್ನೋದು ಅವರ ಮುಖ್ಯ ಆತಂಕ.

ಬಯೋಟಿನ್ ದಿನಕ್ಕೆ ಬೇಕಿರೋದು 30–40 ಮೈಕ್ರೋಗ್ರಾಂ. 10 ಮಿ.ಗ್ರಾಂ. ಅಂದರೆ ಅದರ ಇನ್ನೂರೈವತ್ತು, ಮುನ್ನೂರು ಪಟ್ಟು. ಮಲ್ಟಿವಿಟಮಿನ್ನಿನೊಳಗಿನ ಮೈಕ್ರೋಗ್ರಾಂ ಲೆಕ್ಕದ ಬಯೋಟಿನ್ ತೊಂದರೆ ಕೊಡಲ್ಲ, ಈ "ಹೇರ್" ಮಾತ್ರೆಗಳೇ ಕೊಡೋದು. ಮೂರು ದಿನ ಪೂರ್ತಿ ನಿಲ್ಲಿಸಿ, ಆಮೇಲೆ ರಕ್ತ ಕೊಡಲಿ. ಎಲ್ಲ ಯಂತ್ರಗಳೂ ಈ ವಿಧಾನ ಬಳಸಲ್ಲ, ಹೊಸ ಕಿಟ್‌ಗಳು ಹೆಚ್ಚು ಬಯೋಟಿನ್ ತಡೆದುಕೊಳ್ತವೆ. ಹಾಗಾಗಿ ಯಾವ ಯಂತ್ರ, ಯಾವ ಕಿಟ್ ಅಂತ ಲ್ಯಾಬಿಗೆ ಒಂದು ಫೋನ್ ಮಾಡಿ ಕೇಳಿ.

ಇದೇ ಹಾಳೆಯಲ್ಲಿ ಈಗಲೂ ನಂಬಬಹುದಾದ್ದು ಯಾವುದು? ಸೆಲ್ ಕೌಂಟರಿನಿಂದ ಬಂದ ಹಿಮೋಗ್ಲೋಬಿನ್, ಎಂಸಿವಿ, ಆರ್‌ಡಿಡಬ್ಲ್ಯೂ, ಮತ್ತೆ ಮಾಮೂಲಿ ಕೆಮಿಸ್ಟ್ರಿಯ ಕ್ಯಾಲ್ಸಿಯಂ, ಆಲ್ಬುಮಿನ್, ಆಲ್ಕಲೈನ್ ಫಾಸ್ಫಟೇಸ್. ಚಿಕಿತ್ಸೆಯ ಯೋಚನೆ ಇವುಗಳಿಂದಲೇ ಶುರುವಾಗಲಿ.

ಫಿಸಿಶಿಯನ್_ಮೈಸೂರು

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸ್ತೀನಿ.

ಎಂಸಿವಿ 86 ನೋಡಿ "ಕಣದ ಗಾತ್ರ ಸರಿ ಇದೆ" ಅಂದುಕೊಂಡರೆ ಕೆಟ್ಟೆವು. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತೆ, ಎರಡೂ ಇದ್ದರೆ ಸರಾಸರಿ ಮಧ್ಯದಲ್ಲಿ ಬಂದು ಕೂರುತ್ತೆ. ಸುಳಿವು ಕೊಡೋದು ಆರ್‌ಡಿಡಬ್ಲ್ಯೂ. 18.5 ಅಂದರೆ ಚಿಕ್ಕದು ದೊಡ್ಡದು ಬೆರೆತಿವೆ. ಪೆರಿಫೆರಲ್ ಸ್ಮಿಯರ್ (ಗಾಜಿನ ಮೇಲೆ ರಕ್ತ ಹರಡಿ ನೋಡೋದು) ಕೇಳಿ. ಪೆನ್ಸಿಲ್ ಆಕಾರದ ಪೇಲವ ಕಣಗಳ ಪಕ್ಕದಲ್ಲೇ ಐದಾರು ಹಾಲೆಗಳ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕಂಡರೆ ಎರಡೂ ಕೊರತೆ ಇದೆ ಅಂತಲೇ ಲೆಕ್ಕ.

ಬಿ12 245 ಬಯೋಟಿನ್ ಇಲ್ಲದಿದ್ದರೂ ನೆಮ್ಮದಿಯ ಸಂಖ್ಯೆ ಅಲ್ಲ. ಬೈಪಾಸ್ ಆದ ಸಸ್ಯಾಹಾರಿಗೆ ಪಾದದಲ್ಲಿ ಜೋಮು ಇದ್ದಾಗ 200–400ರ ನಡುವಿನ ಸಂಖ್ಯೆಯನ್ನು ಅನುಮಾನದಿಂದಲೇ ನೋಡಬೇಕು. ಮೀಥೈಲ್ ಮಲೋನಿಕ್ ಆಸಿಡ್ ಸಿಕ್ಕರೆ ಮಾಡಿಸಿ, ಇಲ್ಲದಿದ್ದರೆ ಹೋಮೋಸಿಸ್ಟೀನ್, ಬಿ12 ಕಡಿಮೆಯಾದರೆ ಎರಡೂ ಏರುತ್ತವೆ. ರಕ್ತ ತೆಗೆದ ತಕ್ಷಣ ಇಂಜೆಕ್ಷನ್ ಶುರು ಮಾಡಿ, ರಿಪೋರ್ಟಿಗೆ ಕಾಯಬೇಡಿ. ನರದ ಲಕ್ಷಣ ಇದ್ದಾಗ ರೂಢಿಯಲ್ಲಿರೋದು 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ ಎರಡು ವಾರ, ಆಮೇಲೆ ವಾರಕ್ಕೊಂದು, ಕೊನೆಗೆ ತಿಂಗಳಿಗೊಂದು. ಅವರನ್ನು ನೋಡ್ತಿರುವ ಫಿಸಿಶಿಯನ್ ಅದನ್ನು ಹೊಂದಿಸಿಕೊಳ್ತಾರೆ.

ಇಲ್ಲೊಂದು ಗುಂಡಿ ಇದೆ. ಅವರ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ 1.5 ಮಿ.ಗ್ರಾಂ. ಇದೆ. ಬಿ12 ಇಲ್ಲದೆ ಫೋಲಿಕ್ ಆಸಿಡ್ ಮಾತ್ರ ಹೋಗ್ತಿದ್ದರೆ ರಕ್ತಹೀನತೆ ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತೆ, ನರದ ಹಾನಿ ಮಾತ್ರ ಮುಂದುವರಿಯುತ್ತಲೇ ಇರುತ್ತೆ.

ಫೆರಿಟಿನ್ನನ್ನು ಬಯೋಟಿನ್ ನಿಲ್ಲಿಸಿ ಮತ್ತೆ ಮಾಡಿಸಿ, ಜೊತೆಗೆ ಸೀರಂ ಐರನ್, ಟಿಐಬಿಸಿ (ರಕ್ತ ಕಬ್ಬಿಣ ಹೊರುವ ಸಾಮರ್ಥ್ಯ), ಸಿಆರ್‌ಪಿ. ಸೋಂಕು, ಉರಿಯೂತ ಇದ್ದರೆ ಫೆರಿಟಿನ್ ಹುಸಿಯಾಗಿ ಏರುತ್ತೆ, ಅದಕ್ಕೇ ಸಿಆರ್‌ಪಿ. ಕೊರತೆ ಖಚಿತವಾದರೆ ಮಾತ್ರೆಯಿಂದ ಹೆಚ್ಚು ನಿರೀಕ್ಷೆ ಬೇಡ. ಕಬ್ಬಿಣ ಹೀರಿಕೊಳ್ಳುವ ಡ್ಯುಯೋಡಿನಮ್ಮನ್ನೇ (ಸಣ್ಣ ಕರುಳಿನ ಮೊದಲ ಭಾಗ) ಆಪರೇಷನ್ ಬದಿಗಿಟ್ಟಿದೆ, ಮೇಲೆ ಪ್ಯಾಂಟೊಪ್ರಜೋಲ್ ಆಮ್ಲವನ್ನೂ ತಗ್ಗಿಸಿದೆ. ಆ ಮಾತ್ರೆ ಇನ್ನೂ ಯಾಕೆ ನಡೀತಿದೆ, ಎದೆಯುರಿ, ಅಲ್ಸರ್ ಕಾರಣ ಇದೆಯಾ ಅಂತ ಸರ್ಜನ್‌ರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಮುಟ್ಟಿನ ರಕ್ತಸ್ರಾವ ಎಷ್ಟು ಅಂತಲೂ ಕೇಳಿ, ಅದನ್ನು ಬಿಟ್ಟು ಎಷ್ಟು ಕಬ್ಬಿಣ ಕೊಟ್ಟರೂ ಸೋರೋ ಬಿಂದಿಗೆಗೆ ನೀರು ಹೊಯ್ದ ಹಾಗೆ. ಡ್ರಿಪ್ ಮೂಲಕ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನೋ ಕಬ್ಬಿಣ ಕೊಡೋದಾದರೆ ಮೊದಲೂ, ಎರಡು ವಾರದ ನಂತರವೂ ಫಾಸ್ಫೇಟ್ ನೋಡಿ. ಈ ಔಷಧಿ ಫಾಸ್ಫೇಟನ್ನು ಮೂತ್ರದಲ್ಲಿ ಕಳೆಯುತ್ತೆ, ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಇನ್ನೂ ಜಾಸ್ತಿ. ಕಬ್ಬಿಣ ಕೊಟ್ಟ ಮೇಲೂ ಮೈಕೈ ನೋವು, ಸ್ನಾಯು ಬಲಹೀನತೆ ಅಂತ ಬಂದರೆ ಇದನ್ನು ನೆನೆಸಿಕೊಳ್ಳಿ.

ಇನ್ನು ಮೂಳೆ. ಆಲ್ಬುಮಿನ್ 3.4 ಇದ್ದಾಗ ಕ್ಯಾಲ್ಸಿಯಂ ಸರಿಪಡಿಸಿದರೆ 8.6 + 0.8 × (4 − 3.4), ಸುಮಾರು 9.1. ನಾರ್ಮಲ್. ಆದರೆ ಅದರಲ್ಲಿ ಸಮಾಧಾನಪಡೋದಕ್ಕೇನೂ ಇಲ್ಲ, ಆಹಾರದಿಂದ ಬರದಿದ್ದಾಗ ದೇಹ ಮೂಳೆಯಿಂದ ಕಿತ್ತು ರಕ್ತದ ಮಟ್ಟ ಕಾಯ್ದುಕೊಳ್ಳುತ್ತೆ. ಹಾಗೆ ಕೀಳಿಸೋದು ಪಿಟಿಎಚ್. ಆಲ್ಕಲೈನ್ ಫಾಸ್ಫಟೇಸ್ 172ರ ಜೊತೆ ಜಿಜಿಟಿ (ಲಿವರಿನ ಕಿಣ್ವ) ಮಾಡಿಸಿ. ಜಿಜಿಟಿ ನಾರ್ಮಲ್ ಇದ್ದರೆ ಲಿವರ್ ಅಲ್ಲ, ಮೂಳೆಯ ಕಡೆ ಕೈತೋರಿಸುತ್ತೆ. ಬಯೋಟಿನ್ ಹೋದ ಮೇಲೆ ಪಿಟಿಎಚ್ ಏರಿರೋದು, ಡಿ ಇಳಿದಿರೋದು ಕಂಡರೆ ನನಗೇನೂ ಆಶ್ಚರ್ಯ ಆಗಲ್ಲ.

ತಿಂಗಳಿಗೊಂದು 60,000 ಅಂದರೆ ದಿನಕ್ಕೆ ಸರಾಸರಿ 2000 ಐಯು. ಆಪರೇಷನ್ ಆದವರಿಗೆ ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘ ಎಎಸ್‌ಎಂಬಿಎಸ್ 2016ರ ಮಾರ್ಗಸೂಚಿ ಹೇಳೋದು ದಿನಕ್ಕೆ 3000 ಐಯು, ರಕ್ತದ ಮಟ್ಟ 30 ದಾಟುವವರೆಗೆ. 60,000ದ ಮಾತ್ರೆಯಲ್ಲೇ ಲೆಕ್ಕ ಹಾಕೋದಾದರೆ 20 ದಿನಕ್ಕೊಂದು. ಕೊರತೆ ಇದ್ದರೆ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ಮತ್ತೆ ಟೆಸ್ಟ್. ಚೀಟಿಯಲ್ಲಿ "ಭಾನುವಾರ ಮಾತ್ರ" ಅಂತ ಕನ್ನಡದಲ್ಲಿ ದಪ್ಪಗೆ ಬರೀರಿ. ವಾರದ ಮಾತ್ರೆಯನ್ನು ದಿನಾ ನುಂಗಿ ಕ್ಯಾಲ್ಸಿಯಂ ಏರಿ, ಕಿಡ್ನಿಗೆ ಪೆಟ್ಟಾಗೋದು ನಿಜವಾಗಿ ಆಗುವ ಅನಾಹುತ.

ಮೆಡಿಕಲ್_ಕೌಂಟರ್

ಮಾತ್ರೆಗಳ ಬಗ್ಗೆ ನಾನು ಹೇಳ್ತೀನಿ.

ಲೇಬಲ್ ಓದುವಾಗ ನೋಡಬೇಕಾದ್ದು "ಎಲಿಮೆಂಟಲ್" ಎಷ್ಟು ಅನ್ನೋದು. ಶೆಲ್‌ಕಾಲ್ 500ರಲ್ಲಿ 1250 ಮಿ.ಗ್ರಾಂ. ಕಾರ್ಬೊನೇಟ್ ಇದೆ, ಅದರಲ್ಲಿ ಕ್ಯಾಲ್ಸಿಯಂ 500. ಕಾರ್ಬೊನೇಟಿನಲ್ಲಿ ಶೇ. 40, ಸಿಟ್ರೇಟಿನಲ್ಲಿ ಶೇ. 21 ಮಾತ್ರ. ಹಾಗಾಗಿ "ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ." ಅಂತ ದೊಡ್ಡ ಅಕ್ಷರದಲ್ಲಿ ಇದ್ದರೂ ಸಿಗೋದು 210ರ ಹತ್ತಿರ. ಬೈಪಾಸ್ ಆದವರಿಗೆ ಊಟ, ಮಾತ್ರೆ ಎರಡೂ ಸೇರಿ ದಿನಕ್ಕೆ 1200–1500 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ಒಂದು ಸಲಕ್ಕೆ 500–600ಕ್ಕಿಂತ ಹೆಚ್ಚು ಕೊಟ್ಟರೆ ಮಿಕ್ಕಿದ್ದು ವ್ಯರ್ಥ. ಕಾರ್ಬೊನೇಟ್ ಕರಗೋಕೆ ಆಮ್ಲ ಬೇಕು, ಊಟದ ಜೊತೆಯೇ ಆಗಬೇಕು. ಸಿಟ್ರೇಟಿಗೆ ಆ ಹಂಗಿಲ್ಲ. ಪ್ಯಾಂಟೊಪ್ರಜೋಲ್ ನುಂಗ್ತಿರೋ ಈ ಹೆಣ್ಣುಮಗಳಿಗೆ ಸಿಟ್ರೇಟೇ ವಾಸಿ. ಸಿಟ್ರೇಟನ್ನೂ ಊಟದ ಜೊತೆ ಕೊಟ್ಟರೆ ಇನ್ನೊಂದು ಲಾಭ: ಬೈಪಾಸ್ ಆದವರಲ್ಲಿ ಆಕ್ಸಲೇಟ್ (ಪಾಲಕ್‌ನಂಥ ಸೊಪ್ಪಿನಲ್ಲಿರೋ ಅಂಶ) ಹೆಚ್ಚು ಹೀರಿ ಕಿಡ್ನಿ ಕಲ್ಲು ಬರೋ ಸಾಧ್ಯತೆ ಇದೆ, ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಕಟ್ಟಿಹಾಕುತ್ತೆ. ಪಾಲಕ್ ಸಾರಿನ ದಿನ ಮರೆಯಬಾರದು.

ಈಗ ಕಾಫಿ, ಕಬ್ಬಿಣ, ಕ್ಯಾಲ್ಸಿಯಂ, ಮಲ್ಟಿವಿಟಮಿನ್ ನಾಲ್ಕೂ ಒಟ್ಟಿಗೆ ಹೋಗ್ತಿವೆ. ಕಬ್ಬಿಣ ಒಳಗೆ ಹೋಗದಿರಲು ಇದಕ್ಕಿಂತ ಒಳ್ಳೇ ಏರ್ಪಾಡು ಸಿಗೋದು ಕಷ್ಟ. ಹಾಸನದವರಿಗೆ ಕಾಫಿ ಬಿಡಿ ಅಂತ ಹೇಳೋ ಧೈರ್ಯ ನನಗಿಲ್ಲ, ಸಮಯ ಬದಲಾಯಿಸೋಣ:

6 ಗಂಟೆ: ಕಬ್ಬಿಣ, ಬರೀ ನೀರು ಅಥವಾ ಸಕ್ಕರೆ ಹಾಕದ ನಿಂಬೆ ನೀರಿನಲ್ಲಿ
7.30: ಕಾಫಿ
9: ತಿಂಡಿ, ಕ್ಯಾಲ್ಸಿಯಂ 500
1.30: ಊಟ, ಮಲ್ಟಿವಿಟಮಿನ್, ಬಿ-ಕಾಂಪ್ಲೆಕ್ಸ್ (ಡಿ3ಯ ದಿನವಾದರೆ ಅದೂ ಈ ಊಟಕ್ಕೇ, ಸ್ವಲ್ಪ ತುಪ್ಪ ಇರಲಿ)
8.30: ರಾತ್ರಿ ಊಟ, ಕ್ಯಾಲ್ಸಿಯಂ 500

ಮಿಕ್ಕ ಕ್ಯಾಲ್ಸಿಯಂ ಹಾಲು, ಮೊಸರು, ರಾಗಿಯಿಂದ ಬರಲಿ. ರಾಗಿ 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ. ಇದೆ, ಆದರೆ ಅದರಲ್ಲಿರೋ ಫೈಟೇಟ್ ಅನ್ನೋ ಅಂಶ ಅಷ್ಟನ್ನೂ ಬಿಟ್ಟುಕೊಡಲ್ಲ, ಆಪರೇಷನ್ ಆದ ಹೊಟ್ಟೆ 100 ಗ್ರಾಂ ರಾಗಿಯ ಮುದ್ದೆ ಹಿಡಿಯೋದೂ ಇಲ್ಲ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಕನಿಷ್ಠ ಎರಡು ಗಂಟೆ ಅಂತರ. ಅಂಬಲಿ, ಮಜ್ಜಿಗೆ ಕಬ್ಬಿಣದ ಹತ್ತಿರ ಸುಳಿಯಬಾರದು. ಯಾರಿಗಾದರೂ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಇದ್ದರೆ ಅದು ಕಬ್ಬಿಣ, ಕ್ಯಾಲ್ಸಿಯಂ ಎರಡರಿಂದಲೂ ನಾಲ್ಕು ಗಂಟೆ ದೂರ, ಆಗ ಮುಂಜಾನೆ ಜಾಗ ಥೈರಾಕ್ಸಿನ್‌ಗೆ ಬಿಟ್ಟು ಕಬ್ಬಿಣವನ್ನು ಸಂಜೆಗೆ, ಬೆಳಗಿನ ಕ್ಯಾಲ್ಸಿಯಂ ಅನ್ನು 10ರ ನಂತರಕ್ಕೆ ತಳ್ಳಿ.

ಬಿ-ಕಾಂಪ್ಲೆಕ್ಸ್ ವಿಷಯ. ಕೌಂಟರಿನಲ್ಲಿ ಹೆಚ್ಚು ಹೋಗುವ ಸ್ಟ್ರಿಪ್‌ಗಳಲ್ಲಿ ಬಿ12 15 ಮೈಕ್ರೋಗ್ರಾಂ ಆಸುಪಾಸು. ಬೈಪಾಸ್ ಆದ ಮೇಲೆ ಬಿ12 ಹೀರಿಕೆಗೆ ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಊಟದ ಜೊತೆ ಸರಿಯಾಗಿ ಸೇರಲ್ಲ. ಅದಿಲ್ಲದೆ ತಾನಾಗಿ ಒಳಹೋಗೋದು ನುಂಗಿದ್ದರಲ್ಲಿ ಶೇ. 1 ಅಷ್ಟೇ. 1000 ಮೈಕ್ರೋಗ್ರಾಂ ನುಂಗಿದರೆ 10 ಸಿಗುತ್ತೆ, ಸಾಕು. 15 ನುಂಗಿದರೆ ಏನೂ ಸಿಗದ ಲೆಕ್ಕ. ಇಂಜೆಕ್ಷನ್ ಸುತ್ತು ಮುಗಿದ ಮೇಲೆ ಮಾತ್ರೆಗೆ ಬರೋದಾದರೆ ದಿನಕ್ಕೆ 350–1000 ಇರೋದನ್ನೇ ಕೇಳಿ.

ಮಲ್ಟಿವಿಟಮಿನ್ನಿನಲ್ಲಿ ತಾಮ್ರ ಇದೆಯಾ ಅಂತ ತಿರುಗಿಸಿ ನೋಡಿ. ಬೈಪಾಸಿಗೆ ತಾಮ್ರ 2 ಮಿ.ಗ್ರಾಂ., ಝಿಂಕ್ 8–22, ವಿಟಮಿನ್ ಎ 5,000–10,000 ಐಯು, ಥಯಮಿನ್ (ಬಿ1) ಕನಿಷ್ಠ 12 ಮಿ.ಗ್ರಾಂ. ಇರಬೇಕು. ಗಮ್ಮಿಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ ಇರಲ್ಲ. ಎಸ್‌ಆರ್ (ನಿಧಾನವಾಗಿ ಬಿಡುಗಡೆ) ಅಂತ ಬರೆದ ಕಬ್ಬಿಣದ ಕ್ಯಾಪ್ಸೂಲ್ ಬೇಡ, ಅದು ಬಿಚ್ಚಿಕೊಳ್ಳೋ ಹೊತ್ತಿಗೆ ಹೀರುವ ಜಾಗ ದಾಟಿರುತ್ತೆ.

ಡಯಟ್_ಹಾಸನ

ಎಲ್ಲರಿಗೂ ವಂದನೆ. ಕಾರ್ಬಿಮಜೋಲ್ ತಡೆಹಿಡಿದಿದ್ದಾರೆ. ಮೂರು ಸಂದೇಹ. ಬಯೋಟಿನ್ ಬಿಡಿ ಅಂದರೆ ಕೂದಲಿಗೆ ಝಿಂಕ್ 50 ಮಿ.ಗ್ರಾಂ. ಕೊಡಿ ಅಂತಿದ್ದಾರೆ, ಸರಿನಾ? ಸ್ಯಾಂಪಲ್ ನಮ್ಮ ಊರಲ್ಲಿ ತೆಗೆದು ಬೆಂಗಳೂರಿಗೆ ಹೋಗುತ್ತೆ, ಎಚ್ಚರ ವಹಿಸಬೇಕಾದ್ದೇನು? ಮತ್ತೆ, ಅವರು ಮಗುವಿಗೆ ಯೋಚಿಸ್ತಿದ್ದಾರೆ.

ಲ್ಯಾಬ್_ಮೇಷ್ಟ್ರು

ಝಿಂಕ್ ಅಳೆಯದೆ 50 ಕೊಡಬೇಡಿ. ಝಿಂಕ್ ಹೆಚ್ಚಾದರೆ ಕರುಳಲ್ಲಿ ತಾಮ್ರವನ್ನು ತಡೆಯುತ್ತೆ. ತಾಮ್ರ ಇಳಿದರೆ ಕಬ್ಬಿಣಕ್ಕೆ ಜಗ್ಗದ ರಕ್ತಹೀನತೆ, ಬಿಳಿ ರಕ್ತಕಣ ಕುಸಿತ, ನಡಿಗೆ ತಪ್ಪೋದು. ಜೋಮು ಇರುವವರಲ್ಲಿ ಅದು ಬಿ12 ಕೊರತೆಯ ಹಾಗೇ ಕಾಣುತ್ತೆ, ಗುರುತಿಸೋದು ತಡವಾಗುತ್ತೆ. 8ರಿಂದ 15 ಮಿ.ಗ್ರಾಂ. ಝಿಂಕಿಗೆ 1 ಮಿ.ಗ್ರಾಂ. ತಾಮ್ರ, ಈ ಪ್ರಮಾಣ ಬಿಡಬೇಡಿ. ಆಪರೇಷನ್ ಆಗಿ ಮೂರು ತಿಂಗಳಿಂದ ಶುರುವಾಗುವ ಕೂದಲುದುರು ತೂಕ ಇಳಿದ ಆಘಾತದ್ದು, ಸಾಮಾನ್ಯವಾಗಿ ವರ್ಷದೊಳಗೆ ತಾನೇ ನಿಲ್ಲುತ್ತೆ. 14ನೇ ತಿಂಗಳಲ್ಲೂ ಇದೆ ಅಂದರೆ ಕಬ್ಬಿಣ, ಪ್ರೊಟೀನ್ ಮೊದಲು ನೋಡಿ. ಆಲ್ಬುಮಿನ್ 3.4, ಸಡಿಲ ಮಲ, 200 ಸೆಂ.ಮೀ. ಬೈಪಾಸ್ ಮೂರೂ ಸೇರಿದಾಗ ಪ್ರೊಟೀನ್ ದಿನಕ್ಕೆ 60–80 ಗ್ರಾಂ ಹೋಗ್ತಿದೆಯಾ ಅನ್ನೋದು ನಿಮ್ಮದೇ ಕ್ಷೇತ್ರ ಮೇಡಂ.

ಸ್ಯಾಂಪಲ್: ಝಿಂಕ್, ತಾಮ್ರಕ್ಕೆ ಕಡುನೀಲಿ ಮುಚ್ಚಳದ ಟ್ರೇಸ್ ಎಲಿಮೆಂಟ್ ಟ್ಯೂಬ್. ಮಾಮೂಲಿ ಟ್ಯೂಬಿನ ರಬ್ಬರಿನಿಂದಲೇ ಝಿಂಕ್ ಸೇರಿಕೊಳ್ಳುತ್ತೆ. ಕಣ ಒಡೆದ ಸ್ಯಾಂಪಲ್ಲಿನಲ್ಲೂ ಝಿಂಕ್ ಸುಳ್ಳಾಗಿ ಏರುತ್ತೆ, ಆಲ್ಬುಮಿನ್ ಇಳಿದಿದ್ದರೆ ಸುಳ್ಳಾಗಿ ಇಳಿಯುತ್ತೆ. ವಿಟಮಿನ್ ಎ ಸ್ಯಾಂಪಲ್ಲಿಗೆ ಬೆಳಕು ಆಗಲ್ಲ, ತೆಗೆದ ಕೂಡಲೇ ಫಾಯಿಲ್ ಸುತ್ತಿಸಿ. ಪಿಟಿಎಚ್ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಾಸಾಯನಿಕ) ಟ್ಯೂಬಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ, ಬೇಗ ಸೆಂಟ್ರಿಫ್ಯೂಜ್ ಮಾಡಿ ತಣ್ಣಗೆ ಕಳಿಸಲಿ. ಕ್ಯಾಲ್ಸಿಯಂ ಮಾತ್ರ ಆ ಟ್ಯೂಬಿನಿಂದ ಅಳೆಯೋ ಹಾಗಿಲ್ಲ, ಇಡಿಟಿಎ ಅದನ್ನು ಕಟ್ಟಿಹಾಕಿರುತ್ತೆ. ಖಾಲಿ ಹೊಟ್ಟೆ, ಬೆಳಗಿನ ಹೊತ್ತು, ಹಿಂದಿನ ದಿನದಿಂದ ಕಬ್ಬಿಣದ ಮಾತ್ರೆ ಬೇಡ.

ಜಾಹೀರಾತಿನ "ಫುಲ್ ಬಾಡಿ" ಪ್ಯಾಕೇಜ್‌ಗಳಲ್ಲಿ ಅರವತ್ತೆಪ್ಪತ್ತು ಹೆಸರಿದ್ದರೂ ಪಿಟಿಎಚ್ ಇರೋದು ಅಪರೂಪ. ಪಟ್ಟಿ ನೀವೇ ಬರೆದುಕೊಡಿ. ಆಪರೇಷನ್ ಆದ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಜೀವನಪೂರ್ತಿ: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12, ಫೋಲೇಟ್, ಕ್ಯಾಲ್ಸಿಯಂ, ವಿಟಮಿನ್ ಡಿ, ಪಿಟಿಎಚ್, ಲಿವರ್, ಕಿಡ್ನಿ. ಬೈಪಾಸ್ ಆದವರಿಗೆ ವರ್ಷಕ್ಕೊಮ್ಮೆ ಝಿಂಕ್, ತಾಮ್ರ, ವಿಟಮಿನ್ ಎ ಸೇರಿಸಿ.

ಫಿಸಿಶಿಯನ್_ಮೈಸೂರು

ಮಗುವಿನ ವಿಷಯ: ಮಾರ್ಗಸೂಚಿ ಹೇಳೋದು 12–18 ತಿಂಗಳು ಕಾಯಿರಿ ಅಂತ. ಇವರ ವಿಷಯದಲ್ಲಿ ತಿಂಗಳಿಗಿಂತ ರಿಪೋರ್ಟ್ ಮುಖ್ಯ, ಕಬ್ಬಿಣ, ಬಿ12, ಡಿ ಸರಿಹೋಗುವವರೆಗೆ ಬೇಡ. ಅಲ್ಲಿವರೆಗೆ ಗರ್ಭನಿರೋಧಕ ಮಾತ್ರೆಯನ್ನು ನೆಚ್ಚಬೇಡಿ, ಬೈಪಾಸ್ ಆದ ಮೇಲೆ ಅದರ ಹೀರಿಕೆ ಭರವಸೆಯದಲ್ಲ, ಬೇರೆ ವಿಧಾನ ಕೇಳಿ. ತಯಾರಿ ಶುರುವಾದಾಗ ಮಲ್ಟಿವಿಟಮಿನ್ನಿನಲ್ಲಿ ವಿಟಮಿನ್ ಎ ರೆಟಿನಾಲ್ ರೂಪದಲ್ಲಿದ್ದರೆ ಬೀಟಾ ಕ್ಯಾರೋಟಿನ್ ಇರೋದಕ್ಕೆ ಬದಲಾಯಿಸಿ. ಗರ್ಭ ನಿಂತ ಮೇಲೆ ಮೂರು ತಿಂಗಳಿಗೊಮ್ಮೆ ಇದೇ ಟೆಸ್ಟುಗಳು. ಆಸ್ಪತ್ರೆಯಲ್ಲಿ ಎಲ್ಲ ಗರ್ಭಿಣಿಯರಿಗೂ ಕುಡಿಸುವ 75 ಗ್ರಾಂ ಗ್ಲೂಕೋಸ್ ಇವರಿಗೆ ಬೇಡ, ಡಂಪಿಂಗ್ (ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿಯೋದು) ಆಗಿ ತಲೆಸುತ್ತು, ಬೆವರು, ನಂತರ ಶುಗರ್ ಕುಸಿತ ಆಗಬಹುದು. ಅದರ ಬದಲು 24–28ನೇ ವಾರದಲ್ಲಿ ಒಂದು ವಾರ ಗ್ಲೂಕೋಮೀಟರಿನಲ್ಲಿ ಊಟದ ಮೊದಲು, ನಂತರ ನೋಡಿದರೆ ಆಯ್ತು. ತಾಯಿ ಕಾರ್ಡಿನ ಮೇಲೇ ಇದನ್ನು ಬರೆಸಿಡಿ.

ಎಮರ್ಜೆನ್ಸಿ_ನರ್ಸ್

ಗರ್ಭ ಅಂದಮೇಲೆ ವಾಂತಿ ಬರುತ್ತೆ, ಅದಕ್ಕೆ ಇದನ್ನು ಸೇರಿಸ್ತಿದ್ದೀನಿ. ದೇಹದಲ್ಲಿ ಥಯಮಿನ್ ದಾಸ್ತಾನು ಎರಡು ಮೂರು ವಾರಕ್ಕಷ್ಟೇ. ಬೇರಿಯಾಟ್ರಿಕ್ ಆದವರು, ಸ್ಲೀವ್ (ಹೊಟ್ಟೆಯನ್ನಷ್ಟೇ ಕತ್ತರಿಸಿ ಚಿಕ್ಕದು ಮಾಡೋದು) ಆಗಿರಲಿ ಬೈಪಾಸ್ ಆಗಿರಲಿ, ಕೆಲ ದಿನ ಬಿಡದೆ ವಾಂತಿ ಮಾಡಿಕೊಂಡು ಬಂದರೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮೊದಲು ಏರಿಸೋದು ಗ್ಲೂಕೋಸ್ ಬಾಟಲಿ. ಸಕ್ಕರೆ ಕರಗಿಸೋಕೆ ಥಯಮಿನ್ ಬೇಕು, ಉಳಿದ ಚೂರೂ ಖರ್ಚಾಗಿ ವರ್ನಿಕೆ ಅನ್ನೋ ಮಿದುಳಿನ ಕಾಯಿಲೆ ಆಗುತ್ತೆ: ಎರಡೆರಡು ಕಾಣೋದು, ಕಣ್ಣುಗುಡ್ಡೆ ಅದುರೋದು, ನಡೆಯುವಾಗ ತೂರಾಡೋದು, ಗೊಂದಲ. ನಾಲ್ಕೂ ಒಟ್ಟಿಗೆ ಬರಲೇಬೇಕೆಂದಿಲ್ಲ, ಒಂದೇ ಬಂದರೂ ಅನುಮಾನಪಡಬೇಕು.

ಮೊದಲು ಥಯಮಿನ್ ಐವಿ, 200 ಮಿ.ಗ್ರಾಂ. ದಿನಕ್ಕೆ ಮೂರು ಸಲದಿಂದ 500 ಮಿ.ಗ್ರಾಂ. ದಿನಕ್ಕೆ ಒಂದೆರಡು ಸಲದವರೆಗೆ ಡಾಕ್ಟರ್ ನಿರ್ಧರಿಸ್ತಾರೆ. ಅದಾದ ಮೇಲೆಯೇ ಡೆಕ್ಸ್ಟ್ರೋಸ್ (ಗ್ಲೂಕೋಸ್). ಅಲ್ಲಿವರೆಗೆ ನಾರ್ಮಲ್ ಸಲೈನ್. ಮೆಗ್ನೀಸಿಯಂ, ಪೊಟ್ಯಾಸಿಯಂ, ಫಾಸ್ಫೇಟ್ ಕೂಡ ನೋಡಿ, ಮೆಗ್ನೀಸಿಯಂ ಇಲ್ಲದಿದ್ದರೆ ಥಯಮಿನ್ ಕೆಲಸ ಮಾಡಲ್ಲ. ಥಯಮಿನ್ ಮಟ್ಟದ ಟೆಸ್ಟ್ ಬರೋಕೆ ದಿನಗಳು ಹಿಡಿಯುತ್ತೆ, ರಕ್ತ ತೆಗೆದಿಟ್ಟು ಚಿಕಿತ್ಸೆ ಶುರು ಮಾಡೋದೇ ರೀತಿ. ಮನೆಯವರ ಫೋನಿನಲ್ಲಿ ಎರಡು ಸಾಲು ಉಳಿಸಿಕೊಡಿ: "ಬೇರಿಯಾಟ್ರಿಕ್ ಆಪರೇಷನ್ ಆಗಿದೆ. ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಬೇಡಿ."

ಡಯಟ್_ಹಾಸನ

ಬರೆದುಕೊಂಡೆ. ಬಯೋಟಿನ್ ಇವತ್ತಿನಿಂದ ನಿಲ್ಲಿಸಿದ್ದಾರೆ, ಗುರುವಾರ ಸ್ಯಾಂಪಲ್. ಬಿ12 ಇಂಜೆಕ್ಷನ್ನೂ ಅವತ್ತೇ, ರಕ್ತ ತೆಗೆದ ಮೇಲೆ. ಕಡುನೀಲಿ ಟ್ಯೂಬ್ ಇಲ್ಲಿಯ ಕಲೆಕ್ಷನ್ ಸೆಂಟರಿನಲ್ಲಿ ಇಲ್ಲವಂತೆ, ಬೆಂಗಳೂರಿನಿಂದ ತರಿಸ್ತಾರೆ. ಝಿಂಕ್, ತಾಮ್ರ ಮಾತ್ರ ಮುಂದಿನ ವಾರ ಬೇರೆಯಾಗಿ ಕಳಿಸಬಹುದಾ?

ಲ್ಯಾಬ್_ಮೇಷ್ಟ್ರು

ಧಾರಾಳವಾಗಿ. ಆದರೆ ಆಲ್ಬುಮಿನ್, ಸಿಆರ್‌ಪಿ ಅದೇ ದಿನದ್ದು ಇನ್ನೊಮ್ಮೆ ಇರಲಿ. ಉರಿಯೂತ ಇದ್ದರೆ ತಾಮ್ರ ಏರಿ, ಝಿಂಕ್ ಇಳಿದು ಕಾಣುತ್ತೆ, ಹಳೇ ಸಿಆರ್‌ಪಿ ಇಟ್ಟುಕೊಂಡು ಅದನ್ನು ಓದೋಕಾಗಲ್ಲ.